ಕಾಸರಗೋಡಿನಲ್ಲಿ ರಾತ್ರಿ ಎಂಟರ ನಂತರ ಕಾಲೇಜು ಮಕ್ಕಳಿಗೆ ಏನಿದೆ?

ಗಡಿನಾಡಿನಲ್ಲಿ ಪತ್ರಿಕೆ ಓದುವವರಿಗೆ ಈಗ ಎರಡು ಬಗೆಯ ಸುದ್ದಿ ಒಟ್ಟೊಟ್ಟಿಗೆ ಸಿಗುತ್ತಿದೆ. ಒಂದು ಕಡೆ, ಕರಾವಳಿಗೆ ನೈಟ್‌ಲೈಫ್ ಬೇಕು ಎನ್ನುವ ಮಾತು. ಅದಿಲ್ಲದಿದ್ದರೆ ಪ್ರವಾಸಿಗರೂ ಬರುವುದಿಲ್ಲ, ಓದಿದ ಮಕ್ಕಳೂ ಊರಲ್ಲಿ ನಿಲ್ಲುವುದಿಲ್ಲ ಎನ್ನುತ್ತಾರೆ. ಕರ್ನಾಟಕದ ಉಪಮುಖ್ಯಮಂತ್ರಿಯಾಗಿ ಡಿ.ಕೆ. ಶಿವಕುಮಾರ್ ಮಂಗಳೂರಿನ ಬಗ್ಗೆ ಹೇಳಿದ್ದು ಇದನ್ನೇ. 2024ರ ಫೆಬ್ರವರಿಯ ಬಜೆಟ್‌ನಲ್ಲಿ ಬೆಂಗಳೂರಿಗೂ ಇನ್ನೂ 10 ಮಹಾನಗರ ಪಾಲಿಕೆಗಳಿಗೂ ರಾತ್ರಿ 1 ಗಂಟೆವರೆಗೆ ವ್ಯಾಪಾರಕ್ಕೆ ಅವಕಾಶ ಎಂದು ಘೋಷಣೆಯಾಗಿತ್ತು. ಇತ್ತ ಕೇರಳ ಸರ್ಕಾರ 2023ರಲ್ಲಿ ತಿರುವನಂತಪುರದ ಮಾನವೀಯಂ ವೀಥಿಯನ್ನು ರಾತ್ರಿ ಜನ ಸೇರುವ ಬೀದಿಯಾಗಿ ತೆರೆದಿತ್ತು.

ಇನ್ನೊಂದು ಕಡೆ ನೋಡಿದರೆ ಬೇರೆಯದೇ ಸುದ್ದಿ. ಹತ್ತು ಗಂಟೆಗೆ ಮೈಕ್ ಬಂದ್. ಗಡಿಯಲ್ಲಿ ಎಂಡಿಎಂಎ ಎಂಬ ಮಾದಕವಸ್ತುವಿಗಾಗಿ ತಪಾಸಣೆ. ತಡರಾತ್ರಿ ಗುಂಪು ಸೇರಿದರೆ ಪೊಲೀಸ್ ಜೀಪು. ಮಾನವೀಯಂ ವೀಥಿಯಲ್ಲೂ ಕೆಲವೇ ದಿನಗಳಲ್ಲಿ ಹೊಡೆದಾಟ ನಡೆದು, ಪೊಲೀಸರು ನಿರ್ಬಂಧದ ಮಾತು ಎತ್ತಿದರು.

ಹಾಗಾದರೆ ಸರ್ಕಾರಗಳಿಗೆ ರಾತ್ರಿ ಬೇಕೋ ಬೇಡವೋ? ಕಾಸರಗೋಡು, ಕುಂಬಳೆ, ಉಪ್ಪಳ, ಬದಿಯಡ್ಕದ ಮನೆಗಳಲ್ಲಿ ಪ್ರಶ್ನೆ ಇನ್ನೂ ನೇರವಾಗಿದೆ. ಡಿಗ್ರಿ ಓದುವ ಹುಡುಗ, ಹುಡುಗಿ ರಾತ್ರಿ ಎಂಟರ ಮೇಲೆ ಎಲ್ಲಿಗೆ ಹೋಗಬಹುದು? ಹೋಗಬೇಕಾ? ಹೋದರೆ ವಾಪಸ್ ಬರುವುದು ಹೇಗೆ? ಚರ್ಚೆಯೆಲ್ಲ ಮೊದಲ ಎರಡು ಪ್ರಶ್ನೆಗಳ ಸುತ್ತ ನಡೆಯುತ್ತದೆ. ಆದರೆ ಉಳಿದ ಎರಡರ ಉತ್ತರವನ್ನೂ ತೀರ್ಮಾನಿಸುವುದು ಕೊನೆಯ ಪ್ರಶ್ನೆ.

ಪಬ್ಬಿನ ಜಗಳ ವಿದ್ಯಾರ್ಥಿಗಳದ್ದಲ್ಲ

ನೈಟ್‌ಲೈಫ್ ಎಂದ ಕೂಡಲೇ ಮಾತು ಪಬ್ಬಿಗೆ ಹೋಗುತ್ತದೆ. 2009ರ ಜನವರಿಯ ಮಂಗಳೂರು ಪಬ್ ದಾಳಿ, 2012ರ ಜುಲೈಯ ಪಡೀಲ್ ಹೋಂಸ್ಟೇ ದಾಳಿ ಇಲ್ಲಿನವರ ನೆನಪಿನಲ್ಲಿ ಇನ್ನೂ ಇವೆ. ಅದಾದ ಮೇಲೆ ಕರಾವಳಿಯಲ್ಲಿ ರಾತ್ರಿಯ ಬಗ್ಗೆ ಯಾರು ಏನೇ ಹೇಳಿದರೂ ಅದು ಕುಡಿತದ ಪರವೋ ವಿರುದ್ಧವೋ ಎಂದೇ ಅಳೆಯಲಾಗುತ್ತದೆ.

ಆದರೆ ಕಾನೂನು ಏನು ಹೇಳುತ್ತದೆ? ಕೇರಳದಲ್ಲಿ ಮದ್ಯ ಕೊಳ್ಳಲು 23 ವರ್ಷ ತುಂಬಿರಬೇಕು. ಮೊದಲು ಅದು 21 ಇತ್ತು. ಕರ್ನಾಟಕದಲ್ಲಿ ಈಗಲೂ 21 ವರ್ಷದ ನಿಯಮವೇ ನಡೆಯುತ್ತಿದೆ. 2023ರ ಆರಂಭದಲ್ಲಿ ಅದನ್ನು 18ಕ್ಕೆ ಇಳಿಸುವ ಪ್ರಸ್ತಾಪ ಬಂದು, ವಿರೋಧದಿಂದಾಗಿ ಕೈಬಿಟ್ಟರು. ಡಿಗ್ರಿ ಓದುವವರ ವಯಸ್ಸು 18ರಿಂದ 21. ಅಂದರೆ ಕಾಸರಗೋಡಿನಲ್ಲಿ ಬಾರ್ ರಾತ್ರಿ 11ಕ್ಕೆ ಮುಚ್ಚಿದರೂ, ಬೆಳಗಿನ ಜಾವದವರೆಗೆ ತೆರೆದಿದ್ದರೂ, ಕಾನೂನಿನ ಪ್ರಕಾರ ಡಿಗ್ರಿ ವಿದ್ಯಾರ್ಥಿಗೆ ಅದರಿಂದ ಆಗುವುದೂ ಇಲ್ಲ, ಹೋಗುವುದೂ ಇಲ್ಲ.

ಬಜೆಟ್‌ನ 1 ಗಂಟೆಯೂ ಹಾಗೆಯೇ. ಅದು ಹೋಟೆಲ್, ಬಾರ್, ರೆಸ್ಟೋರೆಂಟ್‌ಗಳ ಆದಾಯದ ಲೆಕ್ಕ. ತೆರಿಗೆ, ಪ್ರವಾಸೋದ್ಯಮ, ಉದ್ಯೋಗ ಇವೆಲ್ಲ ಅದರಲ್ಲಿ ಬರುತ್ತವೆ. ಜೇಬಿನಲ್ಲಿ ನೂರು ರೂಪಾಯಿ ಇಟ್ಟುಕೊಂಡು ಗೆಳೆಯರೊಂದಿಗೆ ಒಂದು ಸುಲೈಮಾನಿ ಚಹಾ ಕುಡಿದು ಒಂದು ಗಂಟೆ ಕೂರಬೇಕೆನ್ನುವ ವಿದ್ಯಾರ್ಥಿ ಆ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಇದೇ ಜಿಲ್ಲೆಯ ಕೋಟೆಯ ಊರು ಬೇಕಲವನ್ನೇ ನೋಡಿ. ಅದನ್ನು ವಿಶೇಷ ಪ್ರವಾಸಿ ವಲಯ ಎಂದು ಗುರುತಿಸಿದ್ದು 1992ರಲ್ಲಿ. ಅದಕ್ಕಾಗಿ ಬೇಕಲ ರೆಸಾರ್ಟ್ಸ್ ಅಭಿವೃದ್ಧಿ ನಿಗಮ ಬಂದದ್ದು 1995ರಲ್ಲಿ. ಈಗ ಅಲ್ಲಿ ದೊಡ್ಡ ರೆಸಾರ್ಟ್‌ಗಳಿವೆ, 2022ರ ಡಿಸೆಂಬರಿನಲ್ಲಿ ಶುರುವಾದ ಬೀಚ್ ಉತ್ಸವಕ್ಕೆ ದೊಡ್ಡ ಜನಸಂದಣಿಯೂ ಸೇರಿತು. ಆದರೆ ಉತ್ಸವ ಹತ್ತು ದಿನದ್ದು. ಕೋಟೆಯ ಬಾಗಿಲು ಸಂಜೆಯೇ ಮುಚ್ಚುತ್ತದೆ. ರೆಸಾರ್ಟ್‌ನ ರಾತ್ರಿ ಊಟದ ಬಿಲ್ಲು ಕಾಲೇಜು ಹುಡುಗರ ಕೈಗೆಟುಕುವುದಿಲ್ಲ. ಪ್ರವಾಸಿಗರ ರಾತ್ರಿಗೂ ಊರ ಮಕ್ಕಳ ರಾತ್ರಿಗೂ ಹೆಸರು ಒಂದೇ ಆಗಿರುವುದರಿಂದ ಓದುಗರಿಗೆ ಗೊಂದಲ.

ಹಗಲು ವಿದ್ಯಾರ್ಥಿಗಳು, ರಾತ್ರಿ ಯಾರೂ ಇಲ್ಲ

ಮಣಿಪಾಲದಲ್ಲಿ ರಾತ್ರಿ ಹತ್ತಕ್ಕೂ ಬೀದಿಯಲ್ಲಿ ಮಕ್ಕಳು ಕಾಣುತ್ತಾರೆ. ಕಾಸರಗೋಡಿನಲ್ಲಿ ಯಾಕಿಲ್ಲ? ಇದಕ್ಕೆ ಸಂಸ್ಕೃತಿ, ಸಂಪ್ರದಾಯ ಎಂದೆಲ್ಲ ಕಾರಣ ಹುಡುಕುವ ಮೊದಲು ನಕ್ಷೆ ನೋಡಬೇಕು.

ಸರ್ಕಾರಿ ಕಾಲೇಜು ಇರುವುದು ವಿದ್ಯಾನಗರದಲ್ಲಿ. 1957ರಲ್ಲಿ ಶುರುವಾದ ಇದು ಇಲ್ಲಿನ ಕನ್ನಡ ವಿದ್ಯಾರ್ಥಿಗಳ ದೊಡ್ಡ ನೆಲೆ. ಗೋವಿಂದ ಪೈ ಸ್ಮಾರಕ ಕಾಲೇಜು ಉತ್ತರದ ತುದಿಯ ಮಂಜೇಶ್ವರದಲ್ಲಿ. ಎಲ್‌ಬಿಎಸ್ ಎಂಜಿನಿಯರಿಂಗ್ ಕಾಲೇಜು ಪೊವ್ವಲ್‌ನಲ್ಲಿ. ನೆಹರೂ ಕಾಲೇಜು ಕಾಞಂಗಾಡು ಬಳಿಯ ಪಡನ್ನಕ್ಕಾಡಿನಲ್ಲಿ. 2009ರಲ್ಲಿ ಬಂದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ಪೆರಿಯದ ಗುಡ್ಡದ ಮೇಲೆ. ಮೆಡಿಕಲ್ ಕಾಲೇಜು ಬದಿಯಡ್ಕ ದಾಟಿ ಉಕ್ಕಿನಡ್ಕದಲ್ಲಿ. ಒಂದೊಂದು ಒಂದೊಂದು ಮೂಲೆಗೆ. ಯಾವುದೂ ಕಾಸರಗೋಡು ಪೇಟೆಯ ನಡುವೆ ಇಲ್ಲ.

ಮೇಲಾಗಿ ಹೆಚ್ಚಿನವರು ಮನೆಯಿಂದ ಬಸ್ಸಿನಲ್ಲಿ ಬಂದು ಹೋಗುವವರು. ಸಂಜೆ ನಾಲ್ಕಕ್ಕೆ ಕಾಲೇಜು ಬಿಟ್ಟರೆ ಐದರ ಬಸ್ಸು, ಆರೂವರೆಗೆ ಮನೆ. ಕಾಸರಗೋಡು ನಗರಸಭೆಯ ಜನಸಂಖ್ಯೆ 2011ರ ಜನಗಣತಿಯಂತೆ 54,172. ಜಿಲ್ಲೆಯದ್ದು 13 ಲಕ್ಷ ದಾಟುತ್ತದೆ. ಹಗಲಿನಲ್ಲಿ ಪೇಟೆ ತುಂಬುವುದು ಹೊರಗಿನಿಂದ ಬಂದವರಿಂದ. ಸಂಜೆ ಅವರು ಹೊರಟರೆ ಪೇಟೆಯಲ್ಲಿ ಉಳಿಯುವುದು ಪೇಟೆಯವರು ಮಾತ್ರ.

ಹಾಸ್ಟೆಲ್‌ನಲ್ಲಿ ಇರುವವರ ಕಥೆಯೂ ಬೇರೆಯಲ್ಲ. ಪೆರಿಯದ ಕ್ಯಾಂಪಸ್‌ನಲ್ಲಿ ದೇಶದ ಬೇರೆ ಬೇರೆ ಕಡೆಯ ಮಕ್ಕಳಿದ್ದಾರೆ. ಅವರಿಗೆ ಹತ್ತಿರದ ಪೇಟೆ ಕಾಞಂಗಾಡು. ಕಾಸರಗೋಡು ಇನ್ನೂ ದೂರ. ಉಕ್ಕಿನಡ್ಕದಲ್ಲಂತೂ ಹತ್ತಿರದಲ್ಲಿ ದೊಡ್ಡ ಪೇಟೆ ಎಂಬುದೇ ಇಲ್ಲ.

ಎಲ್ಲ ಸೇರುವುದು ಕೊನೆಯ ಬಸ್ಸಿನ ಹತ್ತಿರ

ಬದಿಯಡ್ಕ, ಮುಳ್ಳೇರಿಯ, ಪೆರ್ಲ, ಬಂದಡ್ಕದ ಕಡೆಗೆ ಬಸ್ಸುಗಳು ಕತ್ತಲಾದ ಮೇಲೆ ವಿರಳವಾಗುತ್ತವೆ. ಬಸ್ಸಿನವರನ್ನು ಕೇಳಿದರೆ, ರಾತ್ರಿ ಜನ ಇಲ್ಲ, ಡೀಸೆಲ್ ದುಡ್ಡೂ ಹುಟ್ಟುವುದಿಲ್ಲ ಎನ್ನುತ್ತಾರೆ. ಅಂಗಡಿಯವರನ್ನು ಕೇಳಿದರೆ, ಬಸ್ಸು ಹೋದ ಮೇಲೆ ಗಿರಾಕಿ ಇಲ್ಲ, ಯಾಕೆ ತೆರೆದಿಡಬೇಕು ಎನ್ನುತ್ತಾರೆ. ಜನರನ್ನು ಕೇಳಿದರೆ, ಅಂಗಡಿ ಮುಚ್ಚಿ ಬೀದಿ ಕತ್ತಲಾದ ಮೇಲೆ ಅಲ್ಲಿ ನಿಂತು ಏನು ಮಾಡುವುದು ಎನ್ನುತ್ತಾರೆ. ಮೂವರ ಮಾತೂ ಸರಿ. ಮೂವರೂ ಒಬ್ಬರಿಗೊಬ್ಬರು ಕಾರಣ.

ಇದಕ್ಕೆ ಹಣದ ಲೆಕ್ಕವೂ ಇದೆ. ಕೇರಳದಲ್ಲಿ 2022ರ ಮೇ ತಿಂಗಳಿಂದ ಬಸ್ಸಿನ ಕನಿಷ್ಠ ದರ 10 ರೂಪಾಯಿ. ವಿದ್ಯಾರ್ಥಿಗಳಿಗೆ ರಿಯಾಯಿತಿಯ ಕನಿಷ್ಠ ದರ 1 ರೂಪಾಯಿ. ಬಸ್ಸಿನ ಮಾಲೀಕನ ಕಣ್ಣಿನಲ್ಲಿ ವಿದ್ಯಾರ್ಥಿ ಎಂದರೆ ನಷ್ಟದ ಸೀಟು. ರಿಯಾಯಿತಿ ಇರುವುದು ಕ್ಲಾಸಿಗೆ ಹೋಗಿಬರಲು, ಸುತ್ತಾಡಲು ಅಲ್ಲ ಎಂಬ ವಾದ ಅವರದು. ಆದ್ದರಿಂದ ವಿದ್ಯಾರ್ಥಿಗಳನ್ನೇ ನಂಬಿ ರಾತ್ರಿ ಒಂದು ಟ್ರಿಪ್ ಓಡಿಸಲು ಯಾವ ಖಾಸಗಿ ಬಸ್ಸೂ ಮುಂದೆ ಬರುವುದಿಲ್ಲ. ಇದು ದುರಾಸೆಯೇನಲ್ಲ, ಲೆಕ್ಕವೇ ಹಾಗಿದೆ.

ಉತ್ತರಕ್ಕೆ, ಅಂದರೆ ಮಂಗಳೂರಿಗೆ, ವಿಷಯ ಇನ್ನಷ್ಟು ಜಟಿಲ. ಗಡಿನಾಡಿನ ಕನ್ನಡ, ತುಳು ಮನೆಗಳ ಮಕ್ಕಳಿಗೆ ನೈಟ್‌ಲೈಫ್ ಎಂದರೆ ಮಂಗಳೂರೇ. ಸಿನಿಮಾಕ್ಕೆ ಮಾಲ್, ತುಳು ಪಿಕ್ಚರ್‌ಗೆ ಥಿಯೇಟರ್, ಐಸ್‌ಕ್ರೀಮಿಗೆ ಪಾರ್ಲರ್. ದೇರಳಕಟ್ಟೆ, ಕೊಣಾಜೆಯಲ್ಲಿ ಓದುವವರೂ ಬಹಳ. ದೂರ ಸುಮಾರು 50 ಕಿಲೋಮೀಟರ್. ಕಾಸರಗೋಡು–ಮಂಗಳೂರು ಮಾರ್ಗದಲ್ಲಿ ಎರಡೂ ರಾಜ್ಯಗಳ ಸರ್ಕಾರಿ ಬಸ್ಸುಗಳು ಓಡುತ್ತವೆ. ಖಾಸಗಿ ಸಿಟಿ ಬಸ್ಸು ತಲಪಾಡಿಯವರೆಗೆ. ಹಗಲಿನಲ್ಲಿ ಐದು ಹತ್ತು ನಿಮಿಷಕ್ಕೊಂದು ಬಸ್ಸು ಇರುವ ದಾರಿ ಇದು. ಆದರೆ ರಾತ್ರಿ ಊಟದ ಹೊತ್ತು ಕಳೆಯುತ್ತಿದ್ದಂತೆ ಬಸ್ಸುಗಳ ನಡುವಿನ ಅಂತರ ಬೆಳೆಯುತ್ತದೆ. ರೈಲಿನಲ್ಲೂ ಅಷ್ಟೇ. ಸಂಜೆಯ ಮಲಬಾರ್ ಎಕ್ಸ್‌ಪ್ರೆಸ್ ಹೊರಟ ಮೇಲೆ ದಕ್ಷಿಣಕ್ಕೆ ಹೋಗುವ ರೈಲಿಗೆ ತುಂಬಾ ಹೊತ್ತು ಕಾಯಬೇಕು.

ಒಂದು ಬಸ್ಸು ಹೆಚ್ಚು ಓಡಿಸಬೇಕಾದರೂ ಎರಡು ರಾಜ್ಯಗಳ ಒಪ್ಪಂದ ಬೇಕು, ಎರಡು ನಿಗಮಗಳ ವೇಳಾಪಟ್ಟಿ ಹೊಂದಬೇಕು. ಕರ್ನಾಟಕದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಗಡಿ ದಾಟುವುದಿಲ್ಲ, ಕಾಸರಗೋಡಿನ ವಿಳಾಸದ ಹುಡುಗಿಗೆ ಅನ್ವಯಿಸುವುದೂ ಇಲ್ಲ. 2020ರ ಮಾರ್ಚಿನಲ್ಲಿ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಆಸ್ಪತ್ರೆಯಿಂದ ಹಿಡಿದು ಕಾಲೇಜಿನವರೆಗೆ ಎಲ್ಲಕ್ಕೂ ಮಂಗಳೂರನ್ನೇ ನಂಬಿಕೊಂಡರೆ ಏನಾಗುತ್ತದೆ ಎಂಬುದು ಇಲ್ಲಿನವರಿಗೆ ಗೊತ್ತಾಯಿತು. ಮನರಂಜನೆಯೂ ಆ ಪಟ್ಟಿಯಲ್ಲಿ ಇದೆ ಎಂಬುದನ್ನು ಆಗ ಯಾರೂ ಯೋಚಿಸಲಿಲ್ಲ, ಯೋಚಿಸುವ ಹೊತ್ತೂ ಅದಾಗಿರಲಿಲ್ಲ.

ಬಸ್ಸಿಲ್ಲದಿದ್ದರೆ ಏನಾಗುತ್ತದೆ? ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ ಎಂದುಕೊಂಡರೆ ಅದು ಅರ್ಧ ಸತ್ಯ. ಬೈಕ್ ಇರುವವರು ಬೈಕ್ ಹತ್ತುತ್ತಾರೆ. ತಲಪಾಡಿಯಿಂದ ಚೆಂಗಳದವರೆಗೆ ಷಟ್ಪಥ ಹೆದ್ದಾರಿ ಬಂದ ಮೇಲೆ ಆ ಆಸೆ ಇನ್ನೂ ಜಾಸ್ತಿ. ಹೀಗಾಗಿ ರಾತ್ರಿ ಹೊರಗೆ ಹೋಗುವ ಅವಕಾಶ ಬೈಕ್ ಇದ್ದವರಿಗೆ, ಅಂದರೆ ಹೆಚ್ಚಾಗಿ ಹುಡುಗರಿಗೆ, ಅದರಲ್ಲೂ ಸ್ವಲ್ಪ ಅನುಕೂಲಸ್ಥರ ಮಕ್ಕಳಿಗೆ ಸಿಗುತ್ತದೆ. ಅಪಾಯವೂ ಅಲ್ಲೇ ಬೆಳೆಯುತ್ತದೆ. ರಾತ್ರಿ ಹತ್ತೂವರೆಗೆ ಒಂದು ಬಸ್ಸು ಇಲ್ಲದಿರುವುದರ ಬೆಲೆಯನ್ನು ಯಾವ ನಿಗಮವೂ ತನ್ನ ಲೆಕ್ಕಪುಸ್ತಕದಲ್ಲಿ ಬರೆಯುವುದಿಲ್ಲ.

ಪೇಟೆ ಬೇಗ ಮಲಗುವ ಅಭ್ಯಾಸ

ಬಸ್ಸು ಒಂದೇ ಕಾರಣ ಎಂದರೆ ತಪ್ಪಾಗುತ್ತದೆ. ಕಾಸರಗೋಡು ಪೇಟೆ ಬೇಗ ಶಟರ್ ಎಳೆಯುವುದಕ್ಕೆ ಭಯದ ಚರಿತ್ರೆಯೂ ಇದೆ. ಕೋಮು ಗಲಾಟೆ, ಹರತಾಳ, ನಿಷೇಧಾಜ್ಞೆ ಇವು ಈ ಪೇಟೆಗೆ ಹೊಸತಲ್ಲ. 2017ರ ಮಾರ್ಚಿನಲ್ಲಿ ಹಳೆ ಚೂರಿಯಲ್ಲಿ ಮದ್ರಸ ಅಧ್ಯಾಪಕರೊಬ್ಬರ ಕೊಲೆಯಾದಾಗ ತಾಲೂಕಿಗೇ ನಿಷೇಧಾಜ್ಞೆ ಬಂದಿತ್ತು. ಇಂಥ ಪ್ರತಿ ಘಟನೆಯ ನಂತರ ಅಂಗಡಿಗಳು ಕೆಲವು ದಿನ ಬೇಗ ಮುಚ್ಚುತ್ತವೆ. ಗಲಾಟೆ ತಣ್ಣಗಾಗುತ್ತದೆ, ಬೇಗ ಮುಚ್ಚುವ ಅಭ್ಯಾಸ ಮಾತ್ರ ಉಳಿಯುತ್ತದೆ.

ಪೊಲೀಸರ ವಾದ ಸರಳ. ರಾತ್ರಿ ಗುಂಪು ಕಡಿಮೆ ಇದ್ದರೆ ಗಲಾಟೆಯೂ ಕಡಿಮೆ. ಸಿಬ್ಬಂದಿ ಕಡಿಮೆ ಇರುವ ಠಾಣೆಗೆ ಇದು ಅರ್ಥವಾಗುವ ಮಾತೇ. ಆದರೆ ಇದಕ್ಕೆ ಇನ್ನೊಂದು ಮಗ್ಗುಲಿದೆ. ಎಲ್ಲ ಬಗೆಯ ಜನ ಓಡಾಡುವ ಬೀದಿಯಲ್ಲಿ ಜಗಳವಾದರೆ ಬಿಡಿಸುವವರೂ ಇರುತ್ತಾರೆ, ನೋಡಿ ಸಾಕ್ಷಿ ಹೇಳುವವರೂ ಇರುತ್ತಾರೆ. ಖಾಲಿ ಬೀದಿಯಲ್ಲಿ ನಾಲ್ಕು ಹುಡುಗರು ನಿಂತರೆ ಅವರೇ ಅನುಮಾನಕ್ಕೆ ಕಾರಣ. ಜೊತೆಗೆ ಬೇರೆ ಧರ್ಮದ ಸಹಪಾಠಿ ಇದ್ದರೆ ಪ್ರಶ್ನೆ ಕೇಳುವವರು ಪೊಲೀಸರೇ ಆಗಿರಬೇಕೆಂದಿಲ್ಲ. ಬೀದಿ ಖಾಲಿಯಾದಷ್ಟೂ ನೈತಿಕ ಪೊಲೀಸುಗಿರಿಗೆ ಸಲೀಸು. ಶಾಂತಿಗಾಗಿ ಬೇಗ ಮುಚ್ಚಿದ ಪೇಟೆ ಹೀಗೆ ತನ್ನ ಮಕ್ಕಳಿಗೇ ಅಸುರಕ್ಷಿತವಾಗುತ್ತದೆ.

ಹಾಸ್ಟೆಲ್ ಗೇಟಿನ ಮೊಕದ್ದಮೆ

ವಿದ್ಯಾರ್ಥಿಗಳಿಗೆ ರಾತ್ರಿ ಬೇಕೇ ಎಂಬ ಪ್ರಶ್ನೆ ಕೇರಳ ಹೈಕೋರ್ಟಿನಲ್ಲಿ ನೇರವಾಗಿಯೇ ಬಂದಿತ್ತು. 2022ರಲ್ಲಿ ಕೋಯಿಕ್ಕೋಡ್ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿನಿಯರು ರಾತ್ರಿ ಒಂಬತ್ತೂವರೆಯ ಹಾಸ್ಟೆಲ್ ಕರ್ಫ್ಯೂ ಪ್ರಶ್ನಿಸಿದರು. ಕೇರಳ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯ ಕೋರ್ಟಿಗೆ ಕೊಟ್ಟ ಉತ್ತರ ಸಾಕಷ್ಟು ಸುದ್ದಿಯಾಯಿತು. ಹಾಸ್ಟೆಲ್ ಪ್ರವಾಸಿ ಮಂದಿರವಲ್ಲ, ವಿದ್ಯಾರ್ಥಿಗಳಿಗೆ ನೈಟ್‌ಲೈಫ್ ಬೇಕಿಲ್ಲ, ಮಿದುಳು ಪೂರ್ತಿ ಬೆಳೆಯುವುದು 25ರ ಹೊತ್ತಿಗೆ ಎಂಬುದು ಅದರ ಸಾರ. ನ್ಯಾಯಮೂರ್ತಿ ದೇವನ್ ರಾಮಚಂದ್ರನ್ ಅವರು ವಿಚಾರಣೆಯಲ್ಲಿ ಕೇಳಿದ್ದು ಬೇರೆ. ತೊಂದರೆ ಕೊಡುವವರು ಗಂಡಸರಾದರೆ ಹುಡುಗಿಯರನ್ನು ಯಾಕೆ ಬೀಗ ಹಾಕಿ ಇಡಬೇಕು ಎಂಬುದು ಅವರ ಪ್ರಶ್ನೆಯಾಗಿತ್ತು.

ಕೊನೆಗೆ 2022ರ ಡಿಸೆಂಬರಿನಲ್ಲಿ ಸರ್ಕಾರದ ಆದೇಶ ಬಂತು. ಹುಡುಗರಿಗೂ ಹುಡುಗಿಯರಿಗೂ ಒಂದೇ ನಿಯಮ. ಮೊದಲ ವರ್ಷದವರು ಒಂಬತ್ತೂವರೆಗೆ ಒಳಗೆ, ಉಳಿದವರು ರಿಜಿಸ್ಟರಿನಲ್ಲಿ ಬರೆದು ತಡವಾಗಿ ಬರಬಹುದು.

ಈ ಆದೇಶ ವೈದ್ಯಕೀಯ ಕಾಲೇಜುಗಳದ್ದು. ಆದರೆ ಅದರಿಂದ ಒಂದು ವಿಷಯ ಸ್ಪಷ್ಟವಾಯಿತು. ವಿರೋಧ ಇರುವುದು ರಾತ್ರಿಗಲ್ಲ, ಹುಡುಗಿಯರು ರಾತ್ರಿ ಕಾಣಿಸಿಕೊಳ್ಳುವುದಕ್ಕೆ. ಕಾಸರಗೋಡಿನಲ್ಲೂ ಹುಡುಗರು ಟರ್ಫ್‌ನಲ್ಲಿ ರಾತ್ರಿ ಹನ್ನೊಂದರವರೆಗೆ ಫುಟ್‌ಬಾಲ್ ಆಡಿದರೆ ಯಾರೂ ಕೇಳುವುದಿಲ್ಲ. ಅದೇ ಹೊತ್ತಿಗೆ ಮೂವರು ಹುಡುಗಿಯರು ತಟ್ಟುಕಡೆಯ (ರಸ್ತೆಬದಿಯ ತಿಂಡಿ ಅಂಗಡಿಯ) ಮುಂದೆ ಅವಿಲ್ ಮಿಲ್ಕ್ (ಅವಲಕ್ಕಿ ಹಾಕಿದ ಹಾಲು) ಕುಡಿದರೆ ಮರುದಿನ ಮನೆಗೆ ಸುದ್ದಿ ಮುಟ್ಟಿರುತ್ತದೆ. ಗೇಟಿನ ನಿಯಮ ಬದಲಾದರೂ ಹೊರಗೆ ಬಸ್ಸಿಲ್ಲ, ದೀಪವಿಲ್ಲ, ಶೌಚಾಲಯವಿಲ್ಲ ಎಂದಾದರೆ ತೆರೆದ ಗೇಟು ಹುಡುಗರಿಗಷ್ಟೇ ತೆರೆದ ಗೇಟು.

ಹೆತ್ತವರ ಆತಂಕವನ್ನು ಹಳೆಕಾಲದ ಬುದ್ಧಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಮಗಳು ಒಂಬತ್ತಕ್ಕೆ ಫೋನ್ ಮಾಡಿ ಬಸ್ಸು ತಪ್ಪಿತು ಎಂದರೆ ಹೊರಡಬೇಕಾದವರು ಅವರೇ. ಅವರು ಬೇಡ ಎನ್ನುವುದರ ಹಿಂದೆ ಬಹಳ ಸಲ ಇರುವುದು ಇಷ್ಟೇ.

ರಾತ್ರಿ ಇಲ್ಲಿ ಇಲ್ಲವೇ ಇಲ್ಲ ಎಂದವರು ಯಾರು?

ಇಷ್ಟೆಲ್ಲ ಹೇಳಿದ ಮೇಲೆ ಒಂದು ವಿಚಿತ್ರ ಗಮನಿಸಬೇಕು. ರಾತ್ರಿಯಿಡೀ ಎಚ್ಚರ ಇರುವ ಸಂಪ್ರದಾಯ ದೇಶದಲ್ಲಿ ಎಲ್ಲಾದರೂ ಗಟ್ಟಿಯಾಗಿ ಉಳಿದಿದ್ದರೆ ಅದರಲ್ಲಿ ಈ ಜಿಲ್ಲೆಯೂ ಒಂದು. ತೆಂಕುತಿಟ್ಟಿನ ಯಕ್ಷಗಾನಕ್ಕೆ ಪಿತಾಮಹ ಎನಿಸಿಕೊಂಡ ಪಾರ್ತಿಸುಬ್ಬ ಕುಂಬಳೆಯವನು. ಗದ್ದೆಯಲ್ಲಿ ಬಯಲಾಟ, ಮನೆಯಂಗಳದಲ್ಲಿ ಕೋಲ, ನೇಮ. ಚಂದ್ರಗಿರಿಯ ದಕ್ಷಿಣಕ್ಕೆ ತೆಯ್ಯಂ, ಕಳಿಯಾಟ. ತಳಂಗರೆ, ನೆಲ್ಲಿಕುಂಜೆಯಲ್ಲಿ ಉರೂಸ್. ರಂಜಾನಿನಲ್ಲಿ ರಾತ್ರಿಯ ತರಾವೀಹ್ ನಮಾಜು ಮುಗಿದ ಮೇಲೆ ಎಚ್ಚರವಾಗುವ ಬೀದಿಗಳು. ಇಶಲ್ ಗ್ರಾಮ ಎಂದು ಹೆಸರಾದ ಮೊಗ್ರಾಲಿನಲ್ಲಿ ಮಾಪಿಳ್ಳೆ ಹಾಡು, ಜೊತೆಗೆ ಫುಟ್‌ಬಾಲ್. ಇನ್ನು ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾಟದ ಬ್ಯಾನರ್ ಇಲ್ಲದ ಊರು ಹುಡುಕುವುದೇ ಕಷ್ಟ.

ಇಲ್ಲಿ ಬೆಳಗಿನ ಜಾವ ಮೂರಕ್ಕೆ ಹುಡುಗಿಯರು ಇರುತ್ತಾರೆ, ಅಜ್ಜಿಯರು ಇರುತ್ತಾರೆ, ಚಾಪೆಯ ಮೇಲೆ ಮಲಗಿದ ಮಕ್ಕಳು ಇರುತ್ತಾರೆ. ಚರುಮುರಿ, ಚಹಾ, ಆಮ್ಲೆಟಿನ ಅಂಗಡಿ ಇರುತ್ತದೆ. ಯಾರೂ ಇದನ್ನು ನೈಟ್‌ಲೈಫ್ ಎಂದು ಕರೆಯುವುದಿಲ್ಲ, ಅಲ್ವಾ? ಆದರೆ ಕೆಲಸ ಅದೇ. ಊರ ಯುವಕ ಯುವತಿಯರು ಒಬ್ಬರನ್ನೊಬ್ಬರು ಕಂಡು ಮಾತಾಡುವ ಜಾಗ ತಲೆಮಾರುಗಳಿಂದ ಇದೇ ಆಗಿತ್ತು.

ಇದು ಯಾಕೆ ಸುರಕ್ಷಿತ ಎನಿಸುತ್ತದೆ? ದೇವರಿದ್ದಾರೆ, ದೈವವಿದೆ ಎಂಬ ನಂಬಿಕೆಯ ಮಾತು ಒಂದು. ಅದರಾಚೆಗೆ ಮೂರು ವಿಷಯ ಕಣ್ಣಿಗೆ ಕಾಣುತ್ತವೆ. ಎಲ್ಲ ವಯಸ್ಸಿನವರೂ ಬರುತ್ತಾರೆ. ಟ್ಯೂಬ್‌ಲೈಟಿನ ಸಾಲಿನಿಂದ ದಾರಿಯುದ್ದಕ್ಕೂ ಬೆಳಕಿರುತ್ತದೆ. ಜವಾಬ್ದಾರಿ ಹೊತ್ತ ಸಮಿತಿಯೊಂದು ಇರುತ್ತದೆ, ಪಾರ್ಕಿಂಗಿಗೂ ಅನ್ನದಾನಕ್ಕೂ ಸ್ವಯಂಸೇವಕರು ಇರುತ್ತಾರೆ. ವಾಪಸ್ ಹೋಗುವ ಸಮಸ್ಯೆಯೂ ಇಲ್ಲ, ಬೆಳಗಾದರೆ ಮೊದಲ ಬಸ್ಸು ಸಿಗುತ್ತದೆ! ಹಿಂದಿನವರು ಇಡೀ ರಾತ್ರಿಯ ಆಟ ನೋಡುತ್ತಿದ್ದುದಕ್ಕೆ ಭಕ್ತಿಯ ಜೊತೆ ಈ ಕಾರಣವೂ ಸೇರಿತ್ತು ಎಂದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

ಈ ರಾತ್ರಿಗೂ ಈಗ ಗಡಿಯಾರ ಬಂದಿದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು, 2005ರ ಸುಪ್ರೀಂ ಕೋರ್ಟ್ ತೀರ್ಪು ಇವುಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ವರ್ಷಕ್ಕೆ 15 ದಿನ ಮೀರದಂತೆ, ಸಾಂಸ್ಕೃತಿಕ ಅಥವಾ ಧಾರ್ಮಿಕ ಉತ್ಸವಗಳಿಗೆ ಮಧ್ಯರಾತ್ರಿವರೆಗೆ ರಾಜ್ಯ ಸರ್ಕಾರ ಸಡಿಲಿಕೆ ಕೊಡಬಹುದು. ಕಟೀಲು ಮೇಳದ ಯಕ್ಷಗಾನ ಆಟ 2022ರಲ್ಲಿ ಇದೇ ಕಾರಣಕ್ಕೆ ಕಾಲಮಿತಿಗೆ ಬಂತು. ವಿಷಯ ಕರ್ನಾಟಕ ಹೈಕೋರ್ಟಿಗೂ ಹೋಗಿ, 2024ರ ಜನವರಿಯಲ್ಲಿ ಮತ್ತೆ ಇಡೀ ರಾತ್ರಿಯ ಆಟ ಶುರುವಾಯಿತು. ಇಡೀ ರಾತ್ರಿಯ ಆಟಕ್ಕಾಗಿ ಅಷ್ಟು ಜನ ದನಿ ಎತ್ತಿದ್ದನ್ನು ನೋಡಿದರೆ, ಕರಾವಳಿಯ ಜನ ರಾತ್ರಿಯ ವಿರೋಧಿಗಳು ಎಂಬ ಮಾತಿಗೆ ಬುಡವಿಲ್ಲ.

ಆತಂಕಗಳಲ್ಲಿ ಎಷ್ಟು ನಿಜ?

ವಿರೋಧಿಸುವವರ ಮಾತಿನಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಮಾದಕವಸ್ತು ಮೊದಲನೆಯದು. ಗಡಿ ಜಿಲ್ಲೆಯಾದ ಕಾರಣ ತಲಪಾಡಿ, ಮಂಜೇಶ್ವರದ ದಾರಿ ಕಳ್ಳಸಾಗಣೆಗೂ ದಾರಿ. 2025ರಲ್ಲಿ ಕೇರಳ ಪೊಲೀಸರ ಆಪರೇಷನ್ ಡಿ-ಹಂಟ್ ಜೋರಾದ ಮೇಲೆ ರಾತ್ರಿ ತಪಾಸಣೆ ಬಿಗಿಯಾಗಿದೆ. ತಡರಾತ್ರಿಯ ಅಂಗಡಿ ಎಂದರೆ ಡ್ರಗ್ಸ್ ಕೈಬದಲಾಗುವ ಜಾಗ ಎಂಬ ಭಯ ಹೆತ್ತವರಲ್ಲಿ ದಟ್ಟವಾಗಿದೆ. ಆದರೆ ಇಂಥ ವ್ಯವಹಾರಕ್ಕೆ ಬೇಕಾದದ್ದು ಬೆಳಕಿರುವ ತಟ್ಟುಕಡೆಯಲ್ಲ, ಕತ್ತಲಿರುವ ಕಡಲದಂಡೆ, ಬಾಡಿಗೆ ಕೋಣೆ. ಅಂಗಡಿ ಮುಚ್ಚಿಸಿದರೆ ವ್ಯವಹಾರ ಅತ್ತ ಸರಿಯುತ್ತದೆಯೇ ಹೊರತು ನಿಲ್ಲುವುದಿಲ್ಲ.

ಎರಡನೆಯದು ಆಹಾರ. 2022ರ ಮೇ 1ರಂದು ಚೆರುವತ್ತೂರಿನಲ್ಲಿ ಶವರ್ಮಾ ತಿಂದು ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು, ಹಲವರು ಆಸ್ಪತ್ರೆ ಸೇರಿದರು. ಅದು ಇದೇ ಜಿಲ್ಲೆ. ಆಮೇಲೆ ರಾಜ್ಯದಲ್ಲಿ ತಪಾಸಣೆ ಹೆಚ್ಚಿತು, 2023ರಲ್ಲಿ ಹಸಿ ಮೊಟ್ಟೆಯ ಮಯೋನೈಸ್ ನಿಷೇಧವಾಯಿತು. ಇಲ್ಲಿ ವಿರೋಧಿಗಳ ವಾದ ಗಟ್ಟಿ. ರಾತ್ರಿ ಅಂಗಡಿ ಬೇಕೆನ್ನುವವರು ರಾತ್ರಿ ತಪಾಸಣೆಯೂ ಬೇಕೆನ್ನಬೇಕು. ಆಹಾರ ಸುರಕ್ಷತಾ ಇಲಾಖೆ ಹಗಲಿನ ಕಚೇರಿ ವೇಳೆಯಲ್ಲೇ ಉಳಿದು, ಅಂಗಡಿಗಳು ಮಾತ್ರ ಮಧ್ಯರಾತ್ರಿವರೆಗೆ ತೆರೆದರೆ ಇನ್ನೊಂದು ಚೆರುವತ್ತೂರು ಆಗದೆಂದು ಹೇಳುವವರಾರು?

ಮೂರನೆಯದು ವ್ಯಾಪಾರಿಗಳ ಲೆಕ್ಕ. ಕೇರಳದ ಅಂಗಡಿ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾಗಿ, ರಾತ್ರಿ ಒಂಬತ್ತರ ನಂತರ ಮಹಿಳೆಯರನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಷರತ್ತುಗಳು ಬಂದವು. ಅವರ ಒಪ್ಪಿಗೆ, ಕನಿಷ್ಠ ಐವರ ಗುಂಪು, ಅದರಲ್ಲಿ ಇಬ್ಬರಾದರೂ ಮಹಿಳೆಯರು, ಮನೆಗೆ ವಾಹನ. ದೊಡ್ಡ ಮಳಿಗೆಗೆ ಇದು ಸಾಧ್ಯ. ಇಬ್ಬರೇ ಇರುವ ಜ್ಯೂಸ್ ಅಂಗಡಿಗೆ ಆಗದ ಮಾತು. ಹೀಗಾಗಿ ಅಂಗಡಿಯ ಒಳಗೆ ಗಂಡಸರು, ಹೊರಗೂ ಗಂಡಸರು. ಹುಡುಗಿಯರಿಗೆ ಮುಜುಗರ ಅಲ್ಲಿಂದಲೇ ಶುರು.

ಮುಂದೆ ಏನಾಗಬಹುದು

ಈಗಿನ ಹಾಗೆಯೇ ಬಿಟ್ಟರೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಪಿಯುಸಿ, ಪ್ಲಸ್ ಟು ಮುಗಿಸಿದವರಲ್ಲಿ ಅನುಕೂಲ ಇರುವವರು ಮಂಗಳೂರು, ಬೆಂಗಳೂರಿನ ಹಾಸ್ಟೆಲ್ ಸೇರುತ್ತಾರೆ. ಅದಕ್ಕೆ ರಾತ್ರಿ ಬದುಕು ಒಂದೇ ಕಾರಣವಲ್ಲ, ಕೋರ್ಸು, ಕೆಲಸ ಮುಖ್ಯ. ಆದರೆ ಎರಡು ಕಾಲೇಜು ಸಮವಾಗಿ ಕಂಡಾಗ ಊರು ತೂಕಕ್ಕೆ ಬರುತ್ತದೆ. ಹೊರಗಿನಿಂದ ಬಂದ ಅಧ್ಯಾಪಕರು, ವೈದ್ಯರು ಇಲ್ಲಿ ನಿಲ್ಲುವುದಿಲ್ಲ ಎಂಬ ಹಳೆಯ ದೂರಿಗೂ ಇದೇ ನಂಟು.

ತರಾತುರಿಯಲ್ಲಿ ಎಲ್ಲ ತೆರೆದರೂ ಕೆಡುತ್ತದೆ. ಮಾನವೀಯಂ ವೀಥಿಯಿಂದ ಕಲಿಯಬೇಕಾದದ್ದು ಅದು. ಇಡೀ ನಗರಕ್ಕೆ ಒಂದೇ ಬೀದಿ ಕೊಟ್ಟರೆ ಎಲ್ಲ ಬಗೆಯ ಗುಂಪೂ ಅಲ್ಲಿಗೇ ಬರುತ್ತದೆ, ಜಗಳವೂ ಬರುತ್ತದೆ, ಆಮೇಲೆ ನಿರ್ಬಂಧ. ಕಾಸರಗೋಡಿನಲ್ಲಿ ಅಂಥ ಒಂದು ಜಗಳಕ್ಕೆ ಕೋಮು ಬಣ್ಣ ಬಂದರೆ ಹತ್ತು ವರ್ಷ ಯಾರೂ ಈ ಮಾತೆತ್ತುವುದಿಲ್ಲ.

ಹಾಗಾಗಿ ಅನುಕ್ರಮ ಮುಖ್ಯ. ಮೊದಲು ಬಸ್ಸು, ಆಮೇಲೆ ಅಂಗಡಿ. ರಾತ್ರಿ ಹತ್ತರ ಸುಮಾರಿಗೆ ಕಾಸರಗೋಡಿನಿಂದ ಬದಿಯಡ್ಕ, ಮುಳ್ಳೇರಿಯ, ಉಪ್ಪಳ, ಕಾಞಂಗಾಡಿನ ಕಡೆಗೆ ಒಂದೊಂದು ಸರ್ಕಾರಿ ಬಸ್ಸು ಖಚಿತವಾಗಿ ಇದ್ದರೆ ಸಾಕು, ಪೇಟೆಯ ಗಂಟೆ ತಾನಾಗಿ ಮುಂದೆ ಹೋಗುತ್ತದೆ. ವಾರದ ಎಲ್ಲ ದಿನ ಬೇಡ, ಶುಕ್ರವಾರ, ಶನಿವಾರದಿಂದ ಶುರು ಮಾಡಬಹುದು. ಮೊದಲ ತಿಂಗಳುಗಳಲ್ಲಿ ಅದು ನಷ್ಟದಲ್ಲೇ ಓಡುತ್ತದೆ. ಆ ನಷ್ಟವನ್ನು ಯಾರು ಹೊರಬೇಕು ಎಂಬುದೇ ನಿಜವಾದ ರಾಜಕೀಯ ಪ್ರಶ್ನೆ. 2025ರ ಡಿಸೆಂಬರಿನ ಸ್ಥಳೀಯ ಚುನಾವಣೆಯಲ್ಲಿ ಗೆದ್ದು ಬಂದ ನಗರಸಭೆ, ಪಂಚಾಯತುಗಳ ಮುಂದೆ ಈಗ ಅದಿದೆ. ಕೊನೆಯ ಸಿನಿಮಾ ಬಿಡುವ ಹೊತ್ತಿಗೆ ಬಸ್ಸು ಹೊಂದಿಸಿದರೆ ಜನರೂ ಸಿಗುತ್ತಾರೆ. 2021ರ ಆರಂಭದಲ್ಲಿ ಕೋವಿಡ್ ನಿಯಮದಿಂದ ಸೆಕೆಂಡ್ ಶೋ ಇಲ್ಲದಾಗ ಕೇರಳದ ಥಿಯೇಟರಿನವರು ಅದಿಲ್ಲದೆ ಬದುಕಲು ಆಗುವುದಿಲ್ಲ ಎಂದು ಪಟ್ಟು ಹಿಡಿದಿದ್ದರು. ರಾತ್ರಿ ಪ್ರೇಕ್ಷಕರು ಇದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಜಾಗದ ಪ್ರಶ್ನೆಯೂ ಇದೆ. ಕರಂದಕ್ಕಾಡಿನಿಂದ ನುಳ್ಳಿಪ್ಪಾಡಿಯವರೆಗೆ ಹೆದ್ದಾರಿಯ ಮೇಲ್ಸೇತುವೆ ಬಂದಿದೆ. ಕೆಳಗೆ ಮಳೆ ಬೀಳದ, ಪೇಟೆಯ ನಡುವಿನ ಜಾಗ ಸಿಕ್ಕಿದೆ. ಅದನ್ನು ಬರೀ ಪಾರ್ಕಿಂಗಿಗೆ ಬಿಡುತ್ತಾರೋ, ಅದರ ಒಂದು ಭಾಗಕ್ಕೆ ದೀಪ, ಬೆಂಚು, ಶೌಚಾಲಯ, ಪರವಾನಗಿ ಇರುವ ನಾಲ್ಕು ತಿಂಡಿ ಗಾಡಿ ಬರುತ್ತವೋ ಎಂಬುದಕ್ಕೆ ಹೆದ್ದಾರಿ ಪ್ರಾಧಿಕಾರದ ಒಪ್ಪಿಗೆಯೂ ಬೇಕು.

ಪತ್ತನಾಜೆಯ ನಂತರ

ಈ ಚರ್ಚೆಯಲ್ಲಿ ಯಾರೂ ಗಮನಿಸದ ಒಂದು ವಿಷಯ ಕ್ಯಾಲೆಂಡರಿನಲ್ಲಿದೆ. ಮೇ 24ರ ಸುಮಾರಿಗೆ ಪತ್ತನಾಜೆ. ಅಲ್ಲಿಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ, ನೇಮ ನಿಲ್ಲುತ್ತವೆ. ಮತ್ತೆ ಶುರುವಾಗುವುದು ದೀಪಾವಳಿಯ ಆಸುಪಾಸಿನಲ್ಲಿ. ತೆಯ್ಯಂ ಕೂಡ ಹೆಚ್ಚುಕಡಿಮೆ ಅದೇ ಲೆಕ್ಕ. ಕಾಲೇಜು ಶುರುವಾಗುವುದು ಸರಿಯಾಗಿ ಈ ನಡುವೆ, ಜೋರು ಮಳೆಯಲ್ಲಿ. ಹೊಸ ವಿದ್ಯಾರ್ಥಿ ಊರಿಗೆ ಬಂದು ಗೆಳೆಯರನ್ನು ಹುಡುಕುವ ತಿಂಗಳುಗಳಲ್ಲೇ ಆಟವೂ ಇಲ್ಲ, ಪಂದ್ಯಾಟವೂ ಇಲ್ಲ, ಕಡಲದಂಡೆಗೆ ಹೋಗುವಂತೆಯೂ ಇಲ್ಲ.

ಆದ್ದರಿಂದ ಕಾಸರಗೋಡಿಗೆ ಮೊದಲು ಬೇಕಾದದ್ದು ಬೀಚಿನ ಹಬ್ಬವಲ್ಲ, ಸೂರು ಇರುವ ಜಾಗ. ಅದಕ್ಕೆ ಹೊಸ ಕಟ್ಟಡ ಕಟ್ಟಬೇಕೆಂದೇನೂ ಇಲ್ಲ. ಕೇರಳದ ಹಳ್ಳಿ ಹಳ್ಳಿಯಲ್ಲೂ ಲೈಬ್ರರಿ ಕೌನ್ಸಿಲಿಗೆ ಸೇರಿದ ವಾಚನಾಲಯಗಳಿವೆ, ಕನ್ನಡ ಪುಸ್ತಕಗಳಿರುವವೂ ಗಡಿನಾಡಿನಲ್ಲಿ ಇವೆ. ಹಲವು ಈಗಲೂ ಸಂಜೆ ತೆರೆಯುತ್ತವೆ, ಕತ್ತಲಾದ ಸ್ವಲ್ಪ ಹೊತ್ತಿಗೆ ಮುಚ್ಚುತ್ತವೆ. ಪಿಎಸ್‌ಸಿ ನೌಕರಿ ಪರೀಕ್ಷೆಗೆ ಓದುವವರು, ಕೇರಂ ಆಡುವವರು, ತಾಳಮದ್ದಳೆ ಅಭ್ಯಾಸ ಮಾಡುವವರು, ಸುಮ್ನೆ ಕೂರುವವರು ಎಲ್ಲರಿಗೂ ಹತ್ತರವರೆಗೆ ಅವು ತೆರೆದಿದ್ದರೆ ಖರ್ಚು ಒಬ್ಬ ಸಹಾಯಕನ ಸಂಬಳ ಮತ್ತು ಕರೆಂಟ್ ಬಿಲ್ಲು ಅಷ್ಟೇ. ಹುಡುಗಿಯರನ್ನು ಅಲ್ಲಿಗೆ ಕಳಿಸಲು ಹೆತ್ತವರು ಹಿಂದೆಮುಂದೆ ನೋಡುವುದೂ ಕಡಿಮೆ. ಪಂಚಾಯತಿನ ವಾರ್ಷಿಕ ಯೋಜನೆಯಲ್ಲಿ ಇದಕ್ಕೆ ಹಣ ಇಡಬೇಕಾದರೆ ಗ್ರಾಮಸಭೆಯಲ್ಲಿ ಯಾರಾದರೂ ಕೇಳಬೇಕು. ಗ್ರಾಮಸಭೆಗೆ ಕಾಲೇಜು ಮಕ್ಕಳು ಹೋಗುವುದು ಕಡಿಮೆ.